ಸುಧಾರಿಸಲು ಹೋಗಿ ಕೆಡಿಸುವುದಕ್ಕೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ

ಪ್ರಶ್ನೆ

ನನ್ನ ಮೊಬೈಲಿನ ಅಲಾರಾಂ ಆ್ಯಪ್ ಕಳೆದ ವಾರ ತಾನಾಗಿಯೇ ಅಪ್‌ಡೇಟ್ ಆಯಿತು. ಮೊದಲು ಪರದೆಯ ನಡುವೆ ದೊಡ್ಡದೊಂದು ಗುಂಡಿಯಿತ್ತು. ಕಣ್ಣು ಬಿಡದೆ ಹೆಬ್ಬೆರಳಿನಿಂದ ತಡವಿ ಒತ್ತಿದರೂ ಸದ್ದು ನಿಲ್ಲುತ್ತಿತ್ತು. ಈಗ ಆ ಜಾಗದಲ್ಲಿ ತೆಳುವಾದ ಬೂದು ಬಣ್ಣದ ಉಂಗುರವೊಂದಿದೆ. ಅದನ್ನು ಬಲಕ್ಕೆ ಎಳೆದರೆ ಅಲಾರಾಂ ನಿಲ್ಲುತ್ತದೆ, ಎಡಕ್ಕೆ ಎಳೆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಬಡಿದುಕೊಳ್ಳುತ್ತದೆ, ನಿದ್ದೆಗಣ್ಣಿನಲ್ಲಿ ಅರ್ಧಕ್ಕೆ ಬಿಟ್ಟರೆ ಉಂಗುರ ಜಾರಿ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ‘ನಿಮ್ಮ ಬೆಳಗನ್ನು ಇನ್ನಷ್ಟು ಸುಗಮಗೊಳಿಸಿದ್ದೇವೆ’ ಎಂಬ ಒಕ್ಕಣೆ ಬೇರೆ.

ಇಂಥದ್ದಕ್ಕೆ ಜರ್ಮನ್ ಭಾಷೆಯಲ್ಲಿ ‘ಫೆರ್‌ಶ್ಲಿಮ್‌ಬೆಸೆರುಂಗ್’ ಎಂಬ ಪದವಿದೆ. ಕೆಡಿಸುವುದು, ಉತ್ತಮಪಡಿಸುವುದು ಎಂಬ ಎರಡು ಮಾತುಗಳನ್ನು ಒಂದರೊಳಗೊಂದು ಹೆಣೆದು ಅದನ್ನು ಕಟ್ಟಿದ್ದಾರೆ. ನಮ್ಮಲ್ಲಿ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆಯಿದೆಯಾದರೂ ಅದು ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ: ಆ ಗಾದೆಯಲ್ಲಿ ಮೊದಲಿದ್ದದ್ದು ಬರಿಯ ಮಣ್ಣು, ಹಾಗಾಗಿ ಕಳೆದುಕೊಂಡದ್ದು ಏನೂ ಇಲ್ಲ. ನಾನು ಹೇಳುತ್ತಿರುವುದು ಚೆನ್ನಾಗಿಯೇ ಇದ್ದ ಗಣಪತಿಯನ್ನು ತಿದ್ದಲು ಹೊರಟವರ ವಿಷಯ. ‘ಹದಗೆಡಿಸು’ ಎಂದರೆ ಕೆಡುಕು ಮಾತ್ರ ಕೇಳಿಸುತ್ತದೆ, ಕೆಡಿಸಿದವರ ಉತ್ಸಾಹ ಕೇಳಿಸುವುದಿಲ್ಲ. ಎರಡೂ ಕೇಳಿಸುವಂಥ, ಸ್ವಲ್ಪ ನಗೆಯೂ ಇರುವಂಥ ಪದಗಳನ್ನು ತಾವು ಸೂಚಿಸಬಹುದೇ?

ಉತ್ತರ 1

ಅವರದೇ ಜಾಹೀರಾತಿನ ಪದವನ್ನು ಎತ್ತಿಕೊಂಡು ಒಂದು ಅಕ್ಷರವನ್ನು ಮಾತ್ರ ತಿರುಚುವುದು ಇದಕ್ಕೆ ಸುಲಭದ ದಾರಿ ಎಂದು ನನಗೆ ತೋರುತ್ತದೆ. ನವೀಕರಣ ಹೋಗಿ ‘ನೋವೀಕರಣ’ವಾಗಲಿ. ಸರಳೀಕರಣ ಹೋಗಿ ‘ನರಳೀಕರಣ’ವಾಗಲಿ, ಒಂದೇ ಪುಟದಲ್ಲಿದ್ದ ಅರ್ಜಿಯನ್ನು ಏಳು ಪರದೆಗಳಿಗೆ ಹಂಚಿ, ಆರನೆಯದರಲ್ಲಿ ‘ಹಿಂದಕ್ಕೆ’ ಒತ್ತಿದ ಕೂಡಲೇ ತುಂಬಿದ್ದೆಲ್ಲವನ್ನೂ ಅಳಿಸಿಹಾಕುವ ವ್ಯವಸ್ಥೆಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆದಿಲ್ಲ. ಅಭಿವೃದ್ಧಿಗೆ ‘ಅಭಿವ್ಯಾಧಿ’ ಎನ್ನಬಹುದು, ಆದರೆ ಅದರಲ್ಲಿ ನಗೆಗಿಂತ ಸಿಟ್ಟು ಹೆಚ್ಚಾಯಿತೇನೋ.

ಮೂಲಪದ ಕಿವಿಯಲ್ಲಿ ಇನ್ನೂ ಗುನುಗುತ್ತಿರುವಾಗಲೇ ತಿರುಚಿದ ಅಕ್ಷರ ಬಂದು ತಾಗಬೇಕು. ತಾವು ಕೇಳಿದ ಉತ್ಸಾಹವೂ ಕೆಡುಕೂ ಒಟ್ಟಿಗೆ ದಕ್ಕುವುದು ಆಗಲೇ.

ಉತ್ತರ 2

ಮೇಲಿನ ಪದಗಳನ್ನು ಓದಿ ನಕ್ಕೆನಾದರೂ ವ್ಯಾಕರಣ ಕಲಿತವನ ಚಟ ಬಿಡಲಾರದು. ‘ಈಕರಣ’ದ ಮೊದಲಲ್ಲಿರುವ ಈಕಾರ ಸಂಸ್ಕೃತದ ಚ್ವಿ ಪ್ರತ್ಯಯದಿಂದ ಬಂದದ್ದು, ಮೊದಲು ಹಾಗಿಲ್ಲದ್ದನ್ನು ಹಾಗೆ ಮಾಡುವುದು ಎಂಬುದು ಅದರ ಅರ್ಥ. ಆ ಲೆಕ್ಕದಲ್ಲಿ ನೋವಿಲ್ಲದ ಕಡೆ ನೋವನ್ನು ಉಂಟುಮಾಡುವ ನೋವೀಕರಣವು ಅರ್ಥದ ಮಟ್ಟಿಗೆ ನಿರ್ದುಷ್ಟವಾಗಿದೆ. ರೂಪದ ಮಟ್ಟಿಗೆ ಮಾತ್ರ ಅದು ಕನ್ನಡದ ನೋವಿಗೆ ಸಂಸ್ಕೃತದ ಬಾಲ ಕಟ್ಟಿದ ಪದ, ಅರಿಸಮಾಸದ ಜಾತಿಯದು. ನರಳೀಕರಣವಂತೂ ಕ್ರಿಯಾಪದಕ್ಕೇ ಆ ಬಾಲ ಕಟ್ಟಿದೆ. ಆದರೆ 13ನೆಯ ಶತಮಾನದ ಕೇಶಿರಾಜನೇ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸವನ್ನು ಬೇಡವೆನ್ನುತ್ತಲೇ ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಇವನ್ನು ಆ ಆ್ಯಪ್ ತಯಾರಕರಿಗೆ ಸಲ್ಲಿಸಿದ ಬಿರುದುಗಳೆಂದು ತಿಳಿದರೆ ತಕರಾರು ಮುಗಿಯಿತು.

ಅಚ್ಚಗನ್ನಡದಲ್ಲೇ ಬೇಕೆಂದರೆ ‘ಸರಿಗೆಡಿಸು’ ಎಂಬುದನ್ನು ಸೂಚಿಸುತ್ತೇನೆ. ಹದವು ಕೆಟ್ಟು ಹದಗೆಡುವಂತೆ ಸರಿಯು ಕೆಟ್ಟು ಸರಿಗೆಡುತ್ತದೆ. ಕಕಾರ ಗಕಾರವಾಗುವ ಆದೇಶಸಂಧಿಯೂ ಯಥಾಪ್ರಕಾರ ನಡೆಯುತ್ತದೆ. ‘ಸರಿಪಡಿಸಿ’ ಎಂದು ಕೊಟ್ಟದ್ದನ್ನು ‘ಸರಿಗೆಡಿಸಿ’ ತಂದರು ಎಂದು ವಾಕ್ಯದಲ್ಲಿ ಸಲೀಸಾಗಿ ಬಳಸಬಹುದು. ಇದರ ಲಾಭ ದೊಡ್ಡದು, ಏಕೆಂದರೆ ನಾಮಪದಗಳನ್ನು ಹೊಸೆಯುವುದು ಯಾರಿಗೂ ಸಾಧ್ಯ, ನಾಲಿಗೆಯಲ್ಲಿ ನಿಲ್ಲುವುದು ಕ್ರಿಯಾಪದ.

ಉತ್ತರ 3

ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಲೇಖಕ ಕೋರಿ ಡಾಕ್ಟೊರೊ 2022ರಲ್ಲಿ ಟಂಕಿಸಿದ ‘ಎನ್‌ಶಿಟಿಫಿಕೇಶನ್’ ಎಂಬ ಪದವನ್ನು ಅಮೆರಿಕನ್ ಡಯಲೆಕ್ಟ್ ಸೊಸೈಟಿಯು 2023ರ ವರ್ಷದ ಪದವೆಂದು ಆರಿಸಿತು. ಆದರೆ ಅದು ಬಳಕೆದಾರರನ್ನು ಮೊದಲು ಓಲೈಸಿ, ಅವರು ಬಿಟ್ಟುಹೋಗಲಾರದ ಸ್ಥಿತಿ ಬಂದ ಮೇಲೆ ಲಾಭಕ್ಕಾಗಿ ಸೇವೆಯನ್ನು ಕೆಡಿಸುವ ಜಾಣತನದ ಹೆಸರು. ಇಲ್ಲಿ ಹುಡುಕುತ್ತಿರುವುದು ಪ್ರಾಮಾಣಿಕವಾಗಿಯೇ ಕೆಡಿಸುವವರಿಗೆ. ಎರಡಕ್ಕೂ ಒಂದೇ ಪದ ಹಚ್ಚಿದರೆ ಪೆದ್ದರನ್ನೂ ಕಳ್ಳರನ್ನೂ ಒಂದೇ ಸಾಲಿನಲ್ಲಿ ಕೂರಿಸಿದಂತಾಗುತ್ತದೆ.

ಎಲ್ಲ ಪ್ರಸಂಗಗಳೂ ನಗುವಂಥವಲ್ಲ. 2017ರ ಆಗಸ್ಟ್‌ನಲ್ಲಿ ಅಮೆರಿಕದ ‘ಜಾನ್ ಎಸ್. ಮೆಕೇನ್’ ಎಂಬ ಯುದ್ಧನೌಕೆ ಸಿಂಗಪುರದ ಬಳಿ ಟ್ಯಾಂಕರ್ ಒಂದಕ್ಕೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತರಬೇತಿಯ ಕೊರತೆಯ ಜೊತೆಗೆ, ಚುಕ್ಕಾಣಿಯನ್ನೂ ವೇಗವನ್ನೂ ನಿಯಂತ್ರಿಸುವ ಟಚ್‌ಸ್ಕ್ರೀನ್ ವ್ಯವಸ್ಥೆಯ ಗೊಂದಲವೂ ತನಿಖೆಯಲ್ಲಿ ಹೊರಬಂತು. ಕೈಗೆ ಸಿಗುವ ಹಳೆಯ ಮಾದರಿಯ ಹಿಡಿಗಳಿಗೆ ಮರಳುವುದಾಗಿ ನೌಕಾಪಡೆ 2019ರಲ್ಲಿ ತಿಳಿಸಿತು. ಇದನ್ನು ನೋವೀಕರಣವೆನ್ನಲು ನನಗೆ ಮನಸ್ಸು ಬಾರದು. ಗಂಭೀರ ವರದಿಯಲ್ಲಿಯೂ ಬರೆಯಬಹುದಾದ ‘ಕುಧಾರಣೆ’ ಎಂಬ ಪದವನ್ನು ಮುಂದಿಡುತ್ತೇನೆ. ಸುಧಾರಣೆಯ ವ್ಯುತ್ಪತ್ತಿ ಏನೇ ಇರಲಿ, ಸುಪುತ್ರ ಕುಪುತ್ರರನ್ನು ಬಲ್ಲ ಕನ್ನಡದ ಕಿವಿಗೆ ‘ಸು’ ಇದ್ದಲ್ಲಿ ‘ಕು’ ಬಂದರೆ ಟಿಪ್ಪಣಿ ಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮೂರು ದಿನಗಳಿಂದ ಈ ಪದಗಳನ್ನು ಮಾತಿನಲ್ಲಿ ಬಳಸಿ ನೋಡಿದೆ. ನೋವೀಕರಣ ಬರಹದಲ್ಲಿ ಚೆನ್ನಾಗಿದೆ, ಆದರೆ ಬಾಯಲ್ಲಿ ಹೇಳಿದಾಗ ಇಬ್ಬರು ನನ್ನ ಉಚ್ಚಾರವನ್ನು ತಿದ್ದಿದರು. ನರಳೀಕರಣಕ್ಕೆ ಮಾತ್ರ ವಿವರಣೆಯಿಲ್ಲದೆ ನಗು ಸಿಕ್ಕಿತು. ಕುಧಾರಣೆಯನ್ನು ಗಂಭೀರ ಸಂದರ್ಭಕ್ಕೆಂದು ತೆಗೆದಿರಿಸಿದ್ದೇನೆ.

ಆ್ಯಪ್ ತಯಾರಕರಿಗೆ ಬರೆದ ದೂರಿನಲ್ಲಿ ‘ಚೆನ್ನಾಗಿದ್ದ ಗುಂಡಿಯನ್ನು ಸರಿಗೆಡಿಸಿದ್ದೀರಿ’ ಎಂದು ಸೇರಿಸಿದ್ದೆ. ನನ್ನ ಮೆಚ್ಚುಗೆಗೆ ಧನ್ಯವಾದ ಹೇಳಿ, ಮುಂದಿನ ಅಪ್‌ಡೇಟ್‌ನಲ್ಲಿ ಉಂಗುರವನ್ನು ಇನ್ನಷ್ಟು ತೆಳ್ಳಗೆ ಮಾಡುವುದಾಗಿ ಅವರು ಉತ್ತರಿಸಿದ್ದಾರೆ.