ಹರಾಜು ನಡೀತಿರುವಾಗಲೇ ರೇಡಿಯೋ ಶಾಕ್ ಕೊಡುತ್ತೆ ಅಂತ ಗೊತ್ತಾಯ್ತು, ಲಾಟ್ ವಾಪಸ್ ತೆಗೆಯೋದು ಹೇಗೆ?

ಪ್ರಶ್ನೆ (ಕ್ಯಾತ್ಸಂದ್ರ, ತುಮಕೂರು)

ಹಳೆ ವಾಲ್ವ್ ರೇಡಿಯೋ (ಒಳಗೆ ಗಾಜಿನ ಬಲ್ಬಿನಂಥ ವಾಲ್ವ್ ಇರೋದು) ಒಂದು ಆನ್‌ಲೈನ್ ಹರಾಜಿನಲ್ಲಿದೆ. ಶುರು ಬೆಲೆ 2,000, ಈಗ 6,400ಕ್ಕೆ ನಿಂತಿದೆ. 11 ಜನ ಬಿಡ್ ಮಾಡಿದ್ದಾರೆ. ನಾಳೆ ಭಾನುವಾರ ರಾತ್ರಿ 9ಕ್ಕೆ ಮುಗಿಯುತ್ತೆ. ವಿವರದಲ್ಲಿ "ಚಾಲ್ತಿಯಲ್ಲಿದೆ, ಪ್ಲಗ್ ಹಾಕಿದರೆ ಸಾಕು" ಅಂತ ಬರೆದಿದೆ. ಇವತ್ತು ನೋಡಿದರೆ ಒಂದು ಗುಂಡಿ ಸಡಿಲ. ಅದನ್ನು ಕಿತ್ತು ಒಳಗಿನ ಲೋಹದ ಕಡ್ಡಿಗೆ ಟೆಸ್ಟರ್ ಇಟ್ಟರೆ ಜೋರಾಗಿ ಉರಿಯುತ್ತೆ. ಪ್ಲಗ್ ತಿರುಗಿಸಿ ಹಾಕಿದರೆ ಆರುತ್ತೆ. ಹಿಂಬದಿಯ ರಟ್ಟು ಇಲ್ಲ.

ಬಿಡ್ ಬಂದ ಮೇಲೆ ವಾಪಸ್ ತೆಗೆಯಬಹುದಾ? ವಿವರ ತಿದ್ದಿ ಮುಂದುವರಿಸಿದರೆ ಸಾಲದಾ? ಇಲ್ಲಾಂದ್ರೆ ಗೆಳೆಯನ ಕೈಲಿ ಮೇಲಿನ ಬಿಡ್ ಹಾಕಿಸಿ ನಮಗೇ ಬರೋ ಹಾಗೆ ಮಾಡಿದರೆ ಗಲಾಟೆ ಇಲ್ಲದೆ ಮುಗಿಯುತ್ತಲ್ಲ?

ಉತ್ತರ (ಆನ್‌ಲೈನ್ ಹರಾಜು ನಿರ್ವಹಣೆ, ತುಮಕೂರು)

ಮೂರನೇದನ್ನು ಮರೆತುಬಿಡಿ. ಕಾನೂನಿನ ಮಾತು ವಕೀಲರು ಹೇಳ್ತಾರೆ. ಲೆಕ್ಕದ ಮಾತು ಇಷ್ಟು: ನಿಮ್ಮ ಗೆಳೆಯ 6,500 ಹಾಕಿದ ತಕ್ಷಣ, ಬೇರೆ ಯಾರಾದರೂ ಗರಿಷ್ಠ ಮೊತ್ತ 9,000 ಅಂತ ಮೊದಲೇ ತುಂಬಿಟ್ಟಿದ್ದರೆ, ಆಟೋ ಬಿಡ್ ತಾನಾಗೇ ಅವನನ್ನು ದಾಟಿ ಮೇಲೇರುತ್ತೆ. ಶಾಕ್ ಹೊಡೆಯೋ ರೇಡಿಯೋಗೆ ನೀವೇ ಬೆಲೆ ಏರಿಸಿದ ಹಾಗಾಯ್ತು.

ವಿವರ ತಿದ್ದೋದೂ ಇದೇ ಕಾರಣಕ್ಕೆ ಸಾಲದು. ತುಂಬಿಟ್ಟ ಮೊತ್ತಗಳೆಲ್ಲ ಹಳೆ ವಿವರ ಓದಿ ಹಾಕಿದ್ದು. ನೀವು ಕೆಳಗೆ ಒಂದು ಸಾಲು ಸೇರಿಸಿದ್ದು ಅವರ ಕಣ್ಣಿಗೆ ಬೀಳೋದೇ ಇಲ್ಲ, ಬಿಡ್ ಮಾತ್ರ ಏರ್ತಾನೇ ಇರುತ್ತೆ. ಬಣ್ಣ ಹೋಗಿದೆ, ಡಯಲ್ ಗಾಜು ಸೀಳಿದೆ ಅನ್ನೋದಕ್ಕೆ ತಿದ್ದುಪಡಿ ಸರಿ. ಜೀವದ ಪ್ರಶ್ನೆ ಬಂದಾಗ ಲಾಟ್, ಅಂದರೆ ಹರಾಜಿಗಿಟ್ಟ ವಸ್ತುವನ್ನೇ, ಇಳಿಸೋದೇ ದಾರಿ.

ಮಾಡಬೇಕಾದ್ದು ಈ ಕ್ರಮದಲ್ಲಿ:

ಮೊದಲು ಸ್ಕ್ರೀನ್‌ಶಾಟ್. ವಿವರ, ಫೋಟೋಗಳು, ಬಿಡ್ ಪಟ್ಟಿ, ಉಳಿದಿರುವ ಸಮಯ, ಎಲ್ಲವೂ ತಾರೀಖು ಕಾಣೋ ಹಾಗೆ. ಇಳಿಸಿದ ಮೇಲೆ ಬಿಡ್ ಪಟ್ಟಿ ಎಷ್ಟೋ ತಾಣಗಳಲ್ಲಿ ಕಾಣೋದಿಲ್ಲ. 11 ಜನಕ್ಕೆ ತಿಳಿಸೋದು ಹೇಗೆ ಅಂತ ಆಮೇಲೆ ಪರದಾಡ್ತೀರಿ.

ಆಮೇಲೆ ತಡೆ. ಸ್ಥಳೀಯ ಆ್ಯಪ್ ಅಥವಾ ಗುಂಪಿನ ಹರಾಜಾದರೆ ನಡೆಸುವವರಿಗೆ ಲಾಟ್ ನಂಬರ್ ಸಮೇತ "ಸುರಕ್ಷತೆಯ ಕಾರಣಕ್ಕೆ ಈಗಲೇ ಬಿಡ್ ನಿಲ್ಲಿಸಿ" ಅಂತ ಬರೆಯಿರಿ. ಫೋನ್ ಮಾಡಿ, ಆದರೆ ಬರಹವೂ ಇರಲಿ. ಅವರು ಲಾಟನ್ನು "ಹಿಂಪಡೆಯಲಾಗಿದೆ" ಅಂತ ಗುರುತಿಸಬೇಕು. "ಮುಗಿದಿದೆ" ಅಂತ ಗುರುತು ಮಾಡಿದರೆ ಕಷ್ಟ, ಸಾಫ್ಟ್‌ವೇರ್ ಆ ಕ್ಷಣದ ಮೇಲಿನ ಬಿಡ್‌ದಾರನಿಗೆ "ನೀವು ಗೆದ್ದಿದ್ದೀರಿ" ಅಂತ ಮೆಸೇಜ್ ಕಳಿಸಿಬಿಡುತ್ತೆ. ಅರ್ಧಕ್ಕರ್ಧ ಜಗಳ ಹುಟ್ಟೋದು ಈ ಒಂದು ಬಟನ್ನಿನಿಂದ.

ಈಬೇಯಂಥ ದೊಡ್ಡ ತಾಣದಲ್ಲಿ ಹಾಕಿದ್ದರೆ ಗಡಿಯಾರ ನೋಡಿ. ಅಲ್ಲಿ 12 ಗಂಟೆಗಿಂತ ಹೆಚ್ಚು ಸಮಯ ಇದ್ದರೆ ಬಿಡ್‌ಗಳನ್ನೆಲ್ಲ ರದ್ದು ಮಾಡಿ ಮಾರಾಟ ಇಲ್ಲದೆ ಮುಗಿಸಬಹುದು. ಕೊನೆಯ 12 ಗಂಟೆಯಲ್ಲಿ ಬಿಡ್ ಇದ್ದರೆ ಆ ಸೌಲಭ್ಯ ಮುಚ್ಚಿರುತ್ತೆ, ಬೇಗ ಮುಗಿಸಿದರೆ ಮೇಲಿನ ಬಿಡ್‌ದಾರನಿಗೇ ಮಾರಿದ ಹಾಗೆ. ನಿಮ್ಮ ಹರಾಜು ನಾಳೆ ರಾತ್ರಿ 9ಕ್ಕೆ ಅಂದರೆ ಬೆಳಗ್ಗೆ 9ರೊಳಗೆ ಕೆಲಸ ಆಗಬೇಕು. ನಾಳೆಗೆ ಇಟ್ಟುಕೊಳ್ಳಬೇಡಿ, ಇವತ್ತೇ ಮುಗಿಸಿ. ಮೇಲಿನವನೊಬ್ಬನದ್ದೇ ರದ್ದು ಮಾಡಿ ಕೈ ತೊಳ್ಕೋಬೇಡಿ, ಎರಡನೆಯವನು ಮೇಲಕ್ಕೆ ಬರ್ತಾನೆ ಅಷ್ಟೇ. ತಾನಾಗೇ ಮರುಪಟ್ಟಿ ಆಗೋ ಆಯ್ಕೆ, ಎರಡನೇ ಬಿಡ್‌ದಾರನಿಗೆ ಅವಕಾಶ ಕೊಡೋ ಆಯ್ಕೆ ಎರಡನ್ನೂ ಆಫ್ ಮಾಡಿ. ಇಲ್ಲವಾದರೆ ಮಂಗಳವಾರ ಅದೇ ರೇಡಿಯೋ ಮತ್ತೆ ಎದ್ದು ಕೂತಿರುತ್ತೆ.

ಕೊನೆಗೆ ಪ್ರತಿ ಬಿಡ್‌ದಾರನಿಗೂ ಒಂದೇ ಪಠ್ಯ. "ಅನಿವಾರ್ಯ ಕಾರಣದಿಂದ" ಅಂತ ಬರೆಯಬೇಡಿ. ಹೆಚ್ಚು ಬೆಲೆಗೆ ಹೊರಗೆ ಮಾರಿದ ಅಂತಲೇ ಜನ ಓದ್ತಾರೆ. ಹೀಗೆ ಬರೆಯಿರಿ:

"ಲಾಟ್ ನಂಬರ್ ಇಂಥದ್ದು, ವಾಲ್ವ್ ರೇಡಿಯೋ. ಇಂದು ಪರೀಕ್ಷಿಸಿದಾಗ ಚಾಸಿ (ಒಳಗಿನ ಲೋಹದ ಚೌಕಟ್ಟು) ಹಾಗೂ ಗುಂಡಿಯ ಕಡ್ಡಿಗಳಲ್ಲಿ 230 ವೋಲ್ಟ್ ಬರುವ ಸಾಧ್ಯತೆ ಕಂಡಿದೆ. ಮುಟ್ಟಿದರೆ ಪ್ರಾಣಾಪಾಯ. ಲಾಟ್ ಹಿಂಪಡೆದಿದ್ದೇವೆ, ಎಲ್ಲ ಬಿಡ್ ರದ್ದು. ಮುಂಗಡ ಪೂರ್ತಿ ವಾಪಸ್. ಇದು ಯಾರಿಗೂ ಮಾರಾಟವಾಗಿಲ್ಲ."

ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಹಳೆ ಲಿಂಕ್, ಫೋಟೋಗಳ ಕೆಳಗೂ ಇದನ್ನೇ ಹಾಕಿ. ಮುಂಗಡ ತಗೊಂಡಿದ್ದರೆ ಅದೇ ದಿನ ಬಂದ ಖಾತೆಗೇ ವಾಪಸ್ ಹಾಕಿ. "ಮುಂದಿನ ಲಾಟ್‌ಗೆ ಹೊಂದಿಸ್ಕೊಳ್ತೀವಿ" ಅನ್ನೋದು ಬೇಡ.

ಉತ್ತರ (ರೇಡಿಯೋ, ಆಂಪ್ಲಿಫೈಯರ್ ರಿಪೇರಿ, ಮಂಡಿಪೇಟೆ)

ಲಾಟ್ ತಡೆದ ಮೇಲೆ ಈ ಪರೀಕ್ಷೆ ಮಾಡಿ. ಟೆಸ್ಟರ್ ಉರಿಯಿತು ಅನ್ನೋದೊಂದೇ ಸಾಕ್ಷಿ ಅಲ್ಲ. ಟ್ರಾನ್ಸ್‌ಫಾರ್ಮರ್ ಇರೋ ಒಳ್ಳೆ ರೇಡಿಯೋದಲ್ಲೂ ಸೋರಿಕೆಯಿಂದ ಟೆಸ್ಟರಿನ ನಿಯಾನ್ ದೀಪ ಮಿಣುಕುತ್ತೆ, ಡಿಜಿಟಲ್ ಮೀಟರ್ 80–100 ವೋಲ್ಟ್ ತೋರಿಸುತ್ತೆ. ಅಲ್ಲಿ ಹರಿಯೋ ಕರೆಂಟ್ ಅತ್ಯಲ್ಪ. ನಿಮ್ಮದು ಹಾಗಲ್ಲ ಅನ್ನಿಸ್ತಿದೆ, ಯಾಕಂದ್ರೆ ಒಂದು ಕಡೆ ಜೋರು, ತಿರುಗಿಸಿದರೆ ಪೂರ್ತಿ ಆರುತ್ತೆ.

ಪ್ಲಗ್ ಗೋಡೆಯಿಂದ ಕಿತ್ತು ಹತ್ತು ನಿಮಿಷ ಬಿಡಿ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ 200 ವೋಲ್ಟ್ ಮೇಲೆ ಡಿಸಿ ಉಳಿದಿರಬಹುದು, ಒಳಗೆ ಕೈ ಹಾಕಬೇಡಿ. ರೇಡಿಯೋದ ಸ್ವಿಚ್ ಆನ್ ಮಾಡಿ, ಮೀಟರ್ ಓಂ ಮೇಲಿಟ್ಟು ಪ್ಲಗ್‌ನ ಒಂದೊಂದು ಪಿನ್ನಿನಿಂದ ಚಾಸಿಗೆ ಅಳೆಯಿರಿ. ಒಂದು ಪಿನ್ನಿಗೆ ಸೊನ್ನೆ ಹತ್ತಿರ, ಇನ್ನೊಂದಕ್ಕೆ ಕೆಲವು ನೂರರಿಂದ ಒಂದೆರಡು ಸಾವಿರ ಓಂ ಬಂದರೆ ಚಾಸಿ ನೇರವಾಗಿ ಮೇನ್ಸ್ ಮೇಲೇ, ಅಂದರೆ ಮನೆಯ 230 ವೋಲ್ಟ್ ಲೈನಿನ ಮೇಲೇ, ಕೂತಿದೆ. ಟ್ರಾನ್ಸ್‌ಫಾರ್ಮರ್ ಸೆಟ್ ಆದರೆ ಎರಡೂ ಪಿನ್ನಿಗೆ ಮೆಗಾ ಓಂ ಬರಬೇಕು.

ಮೀಟರ್ ಇಲ್ಲವೇ? ವಾಲ್ವ್ ಮೇಲಿನ ಮೊದಲ ಅಕ್ಷರ ಓದಿ. ಯುಸಿಎಚ್ 81, ಯುಬಿಎಫ್ 89, ಯುಸಿಎಲ್ 82, ಯುವೈ 85 ಹೀಗೆ "ಯು" ಇಂದ ಶುರುವಾದರೆ ಅವು 100 ಮಿಲಿಆಂಪ್ ಸರಣಿಯವು. ಹೀಟರ್‌ಗಳೆಲ್ಲ (ವಾಲ್ವ್ ಒಳಗೆ ಕಾಯೋ ತಂತಿಗಳು) ಒಂದರ ಹಿಂದೊಂದು, ದೀಪಾವಳಿ ಸರದ ಹಾಗೆ, ನೇರ ಮೇನ್ಸ್‌ಗೆ ಕಟ್ಟಿರ್ತಾರೆ. ಊರೂರಲ್ಲಿ ಡಿಸಿ ಸರಬರಾಜೂ ಇದ್ದ ಕಾಲಕ್ಕೆ ಎಸಿ, ಡಿಸಿ ಎರಡಕ್ಕೂ ಆಗಲಿ ಅಂತ ಮಾಡಿದ ವಿನ್ಯಾಸ ಅದು. ಇಸಿಎಚ್ 81, ಇಎಲ್ 84 ಹೀಗೆ "ಇ" ಇದ್ದರೆ ಬಹುತೇಕ 6.3 ವೋಲ್ಟ್ ಹೀಟರ್, ಟ್ರಾನ್ಸ್‌ಫಾರ್ಮರ್ ಸೆಟ್.

ನಿಮ್ಮದು "ಯು" ಸರಣಿಯದ್ದಾದರೆ ರೇಡಿಯೋ ಕೆಟ್ಟಿದೆ ಅಂತಲ್ಲ, ಹುಟ್ಟಿದ್ದೇ ಹಾಗೆ. ಆಗ ಕಾಪಾಡ್ತಿದ್ದದ್ದು ಮರದ ಪೆಟ್ಟಿಗೆ, ಹಿಂಬದಿ ರಟ್ಟು, ಬೇಕಲೈಟ್ ಗುಂಡಿ, ಗುಂಡಿಯನ್ನು ಕಡ್ಡಿಗೆ ಬಿಗಿಯೋ ಗ್ರಬ್ ಸ್ಕ್ರೂ ಮೇಲೆ ತುಂಬಿದ ಮೇಣ. ನಿಮ್ಮದರಲ್ಲಿ ರಟ್ಟಿಲ್ಲ, ಗುಂಡಿ ಸಡಿಲ. ಅಲ್ಲಿಗೆ ಕಾವಲು ಹೋಯ್ತು. ಏರಿಯಲ್ ಸಾಕೆಟ್ ಮರೆಯಬೇಡಿ: ಅದಕ್ಕೂ ಚಾಸಿಗೂ ನಡುವೆ ಇರೋದು ಒಂದು ಹಳೆ ಕಾಗದದ ಕೆಪಾಸಿಟರ್. ಅದು ಸೋರಿದರೆ ಮಹಡಿ ಮೇಲೆ ಕಟ್ಟಿದ ತಂತಿಗೂ ಕರೆಂಟ್, ಬಟ್ಟೆ ಒಣಗಹಾಕೋರ ಕೈಗೇ ಸಿಗುತ್ತೆ. ಇನ್ನೊಂದು, ಚಾಸಿಗೆ ಹೋಗೋ ತಂತಿಯಲ್ಲಿ ಮಾತ್ರ ಸ್ವಿಚ್ ಇರೋ ಸೆಟ್ಟುಗಳಲ್ಲಿ ಪ್ಲಗ್ ಒಂದು ದಿಕ್ಕಿಗೆ ಹಾಕಿದಾಗ, ರೇಡಿಯೋ ಆಫ್ ಮಾಡಿದ ಮೇಲೇ ಚಾಸಿಗೆ ಕರೆಂಟ್ ಬರುತ್ತೆ, ಹೀಟರ್ ಸರದ ಮೂಲಕ. ಆಫ್ ಆಗಿದೆ ಅಂತ ಮುಟ್ಟಿದವರಿಗೇ ಏಟು.

ಮರುಪ್ರಶ್ನೆ (ಗುಬ್ಬಿ)

ತ್ರೀ ಪಿನ್ ಪ್ಲಗ್ ಹಾಕಿ ಚಾಸಿಗೆ ಅರ್ತಿಂಗ್ ಕೊಟ್ಟರೆ ಅರ್ಧ ಗಂಟೆ ಕೆಲಸ. ಹರಾಜು ನಿಲ್ಲಿಸೋದೇ ಬೇಡವಲ್ಲ? ಅಥವಾ ಸ್ಟೆಬಿಲೈಜರ್ ಜೊತೆ ಮಾರಿದರೆ?

ಉತ್ತರ (ರೇಡಿಯೋ ರಿಪೇರಿ)

ದಯವಿಟ್ಟು ಬೇಡ. ಚಾಸಿ ಫೇಸ್ ಕಡೆ ಇದ್ದಾಗ ಅರ್ತಿಂಗ್ ಕೊಟ್ಟರೆ ನೇರ ಶಾರ್ಟ್, ಫ್ಯೂಸ್ ಢಮ್. ನ್ಯೂಟ್ರಲ್ ಕಡೆ ಇದ್ದರೆ ನ್ಯೂಟ್ರಲ್ಲೂ ಅರ್ತಿಂಗೂ ಸೇರಿ ಮನೆಯ 30 ಮಿಲಿಆಂಪ್ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯೋ ಸ್ವಿಚ್) ಬೀಳುತ್ತೆ. ಆಗ ಕೊಂಡವರು ಮಾಡೋದು ಅರ್ತಿಂಗ್ ತಂತಿ ಕತ್ತರಿಸೋದನ್ನೇ. ಫೇಸು, ನ್ಯೂಟ್ರಲ್ಲು ಜಾಗ ಬದಲಾಗದಿರಲಿ ಅಂತ ತ್ರೀ ಪಿನ್ ಹಾಕಿ ಅರ್ತಿಂಗ್ ಪಿನ್ ಖಾಲಿ ಬಿಡೋರಿದ್ದಾರೆ. ಹಳೆ ಮನೆಗಳಲ್ಲಿ ಸಾಕೆಟ್ಟಿನ ವೈರಿಂಗೇ ಉಲ್ಟಾ ಇರುತ್ತೆ, ಅದನ್ನು ನಂಬಿ ಮಾರೋ ಹಾಗಿಲ್ಲ.

ಸ್ಟೆಬಿಲೈಜರ್ ಸಾಮಾನ್ಯವಾಗಿ ಆಟೋ ಟ್ರಾನ್ಸ್‌ಫಾರ್ಮರ್. ಒಳಬರೋ ತಂತಿಗೂ ಹೊರಹೋಗೋ ತಂತಿಗೂ ನೇರ ಸಂಬಂಧ ಇರುತ್ತೆ. ವೋಲ್ಟೇಜ್ ಏರಿಸಿ ಇಳಿಸೋ ವೇರಿಯಾಕ್ ಕೂಡ ಹಾಗೇ. ಬೇಕಾದ್ದು 230ಕ್ಕೆ 230ರ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಎರಡು ಸುರುಳಿ ಪೂರ್ತಿ ಬೇರೆ ಬೇರೆ. ಸೆಟ್ ತಿನ್ನೋದು ಸುಮಾರು 40 ವ್ಯಾಟ್. ಆದರೂ 100 ವಿಎ ಹಾಕಿ. ಎಸಿಯನ್ನು ಡಿಸಿ ಮಾಡೋ ಒಂದೇ ರೆಕ್ಟಿಫೈಯರ್ ವಾಲ್ವ್ ಅರ್ಧ ಅಲೆಯನ್ನಷ್ಟೇ ಎಳೆಯೋದರಿಂದ ಚಿಕ್ಕ ಟ್ರಾನ್ಸ್‌ಫಾರ್ಮರ್ ಕೋರ್ ಬಿಸಿಯಾಗಿ ಗುಂಯ್ ಅನ್ನುತ್ತೆ. ಜೊತೆಗೆ ಏರಿಯಲ್ ಕೆಪಾಸಿಟರ್ ಬದಲಿಗೆ ವೈ2 ಸುರಕ್ಷತಾ ದರ್ಜೆಯದ್ದು, ಪುಡಿಯಾಗೋ ರಬ್ಬರ್ ತಂತಿ ಬದಲು, 500 ಮಿಲಿಆಂಪ್ ಫ್ಯೂಸ್, ಹೊಸ ಹಿಂಬದಿ ರಟ್ಟು, ಗುಂಡಿ ಸ್ಕ್ರೂಗೆ ಮತ್ತೆ ಮೇಣ. ಇದು ಅರ್ಧ ಗಂಟೆ ಕೆಲಸ ಅಲ್ಲ. ನಡೀತಿರೋ ಹರಾಜಿನ ನಡುವೆ ಮಾಡೋ ಕೆಲಸವಂತೂ ಅಲ್ಲವೇ ಅಲ್ಲ. ರಿಪೇರಿ ಆದ ಮೇಲೆ ಅದು ಬೇರೆ ವಸ್ತು. ಹೊಸ ಫೋಟೋ, ಹೊಸ ವಿವರ, ಹೊಸ ಲಾಟ್.

ಉತ್ತರ (ವಕೀಲರು, ಕೋಲಾರ)

ಹರಾಜಿನಲ್ಲಿ ಬಿಡ್ ಅನ್ನೋದು ಕೊಳ್ಳುವವನ ಪ್ರಸ್ತಾಪ, ಮಾರುವವನ ಒಪ್ಪಿಗೆ ಅಲ್ಲ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಸುತ್ತಿಗೆ ಬಿದ್ದಾಗ ಅಥವಾ ರೂಢಿಯ ಬೇರೆ ರೀತಿಯಲ್ಲಿ ಮುಗಿಯಿತೆಂದು ಸಾರಿದಾಗ ಮಾರಾಟ ಪೂರ್ಣ. ಅಲ್ಲಿಯವರೆಗೆ ಬಿಡ್‌ದಾರನೂ ತನ್ನ ಬಿಡ್ ಹಿಂತೆಗೆಯಬಹುದು. ಕೋಲಾರದ ಟೊಮೆಟೊ ಮಂಡಿಯಲ್ಲಿ ಕೂಗು ನಿಲ್ಲುವವರೆಗೆ ಕ್ರೇಟು ಯಾರದ್ದೂ ಅಲ್ಲವಲ್ಲ, ಹಾಗೆ. ಆನ್‌ಲೈನ್‌ನಲ್ಲಿ ಗಡಿಯಾರ ಸೊನ್ನೆಗೆ ಬರೋದೇ ಸುತ್ತಿಗೆ. ಆದರೆ ತಾಣ ಸೇರುವಾಗ ನೀವು ಒಪ್ಪಿದ ನಿಯಮಗಳೂ ಒಪ್ಪಂದವೇ. ಹಿಂಪಡೆಯಲು ಶುಲ್ಕ ಇದ್ದರೆ ಕಟ್ಟಬೇಕು. ಕಟ್ಟಿ, ವಾದ ಮಾಡಬೇಡಿ, ಅಗ್ಗವಾಗಿ ಮುಗೀತು.

ಗೆಳೆಯನ ಬಿಡ್: ಅದೇ ಸೆಕ್ಷನ್ನಿನ 6ನೇ ಉಪವಿಧಿ. ಬೆಲೆ ಏರಿಸಲು ಮಾರುವವನು ಸೋಗಿನ ಬಿಡ್ ಬಳಸಿದರೆ ಕೊಂಡವನು ಮಾರಾಟ ರದ್ದು ಮಾಡಿಸಬಹುದು. ಮೊದಲೇ ಸಾರದೆ ಮಾರುವವನು ತಾನಾಗಲಿ, ಬೇರೆಯವರ ಮೂಲಕವಾಗಲಿ ಬಿಡ್ ಮಾಡೋದೇ ಕಾನೂನುಬಾಹಿರ. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು, ದಾಖಲೆಯಲ್ಲಿ ಉದ್ದೇಶ ಕಾಣೋದಿಲ್ಲ.

ಗೊತ್ತಿದ್ದೂ ಮುಚ್ಚಿಟ್ಟರೆ ಏನು? ತಿಳಿದ ಸಂಗತಿಯನ್ನು ಸಕ್ರಿಯವಾಗಿ ಮರೆಮಾಚೋದು 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ವಂಚನೆ. "ಇದ್ದ ಹಾಗೆ ಮಾರಾಟ" ಅನ್ನೋ ಸಾಲು ಅದನ್ನು ಮುಚ್ಚೋದಿಲ್ಲ. ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ರ (ನಿರ್ಲಕ್ಷ್ಯದಿಂದ ಸಾವು) ಪ್ರಶ್ನೆಯೂ ಏಳಬಹುದು. ಮನೆಯ ಒಂದು ಹಳೆ ವಸ್ತು ಮಾರೋರಿಗೆ 2020ರ ಇ–ಕಾಮರ್ಸ್ ನಿಯಮಗಳು ಅನ್ವಯಿಸೋದಿಲ್ಲ. ಆದರೆ ವಾರವಾರವೂ ಹಳೆ ರೇಡಿಯೋ ಮಾರೋರು ವ್ಯಾಪಾರಿಗಳು. ಅವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆ ಅಧ್ಯಾಯ ಬರಬಹುದು.

ಮರುಪ್ರಶ್ನೆ (ಪಾವಗಡ, ಬಿಡ್‌ದಾರ)

ಇದನ್ನು ನೋಡೋಕೇ ಪಾವಗಡದಿಂದ ತುಮಕೂರಿಗೆ ಬಂದು ಹೋಗಿದ್ದು. ಬಸ್ ಚಾರ್ಜ್ ಯಾರು ಕೊಡ್ತಾರೆ? ಮತ್ತೆ, ಗಡಿಯಾರ ನಿಂತ ಮೇಲೆ ಗೊತ್ತಾಗಿದ್ದರೆ ಆಗ ಏನು?

ಉತ್ತರ (ವಕೀಲರು)

ಬಸ್ ಚಾರ್ಜ್ ಸಿಗೋದಿಲ್ಲ. ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ 1873ರಲ್ಲೇ ಬಂದಿತ್ತು, ಹ್ಯಾರಿಸ್ ವಿರುದ್ಧ ನಿಕರ್ಸನ್. ಜಾಹೀರಾತು ನೋಡಿ ದೂರದಿಂದ ಹರಾಜಿಗೆ ಬಂದವರು, ಲಾಟ್ ಹಿಂಪಡೆದದ್ದಕ್ಕೆ ಖರ್ಚು ಕೇಳಿ ಸೋತರು. ಮಾರುವವರು ಸೌಜನ್ಯಕ್ಕೆ ಕೊಟ್ಟರೆ ಬೇಡ ಅನ್ನಬೇಡಿ.

ಗಡಿಯಾರ ನಿಂತಿದ್ದರೆ ಮಾರಾಟ ಆಗಿಹೋಗಿದೆ, ಒಬ್ಬರೇ ವಾಪಸ್ ತೆಗೆಯೋಕಾಗಲ್ಲ. ಮಾರುವವರಿಗೆ ಹೇಳೋದು: ವಸ್ತು ಕಳಿಸಬೇಡಿ. ದೋಷವನ್ನು ಬರಹದಲ್ಲಿ ತಿಳಿಸಿ, ಪೂರ್ತಿ ಹಣ ವಾಪಸ್ ಕೊಡ್ತೀನಿ ಅನ್ನಿ, "ರದ್ದಿಗೆ ಒಪ್ಪಿಗೆ" ಅಂತ ಗೆದ್ದವರಿಂದ ಒಂದು ಸಾಲು ಪಡೀರಿ. ಪಾರ್ಸೆಲ್ ಹೊರಟಾಗಿದ್ದರೆ ಮೆಸೇಜ್ ಸಾಲದು, ಫೋನ್ ಮಾಡಿ "ಪ್ಲಗ್ ಹಾಕಬೇಡಿ" ಅಂತ ಹೇಳಿ, ವಾಪಸ್ ತರಿಸೋ ಖರ್ಚು ನಿಮ್ಮದು.

ಮರುಪ್ರಶ್ನೆ (ಕ್ಯಾತ್ಸಂದ್ರ)

ಲಾಟ್ ಇಳಿಸಿ ಆಯ್ತು, 11 ಜನಕ್ಕೂ ಮೆಸೇಜ್ ಹೋಯ್ತು. ರಿಪೇರಿ ಮಾಡಿಸದೆ, ಬರೀ ಶೋಕೇಸಿಗೆ ಅಂತ ಮಾರಬಹುದಾ?

ಉತ್ತರ (ರೇಡಿಯೋ ರಿಪೇರಿ)

ಮಾರಬಹುದು, ಮೇನ್ಸ್ ತಂತಿ ಇಲ್ಲದೆ. ಗೋಡೆಯಿಂದ ಪ್ಲಗ್ ಕಿತ್ತಿದೆ ಅಂತ ಖಚಿತ ಮಾಡಿಕೊಂಡು ತಂತಿಯನ್ನು ಚಾಸಿಯ ಹತ್ತಿರವೇ ಕತ್ತರಿಸಿ. ಅರ್ಧ ಅಡಿ ಬಿಟ್ಟರೆ ಯಾರೋ ಜೋಡಿಸ್ತಾರೆ. ರೆಕ್ಟಿಫೈಯರ್ ವಾಲ್ವ್ ಕಿತ್ತು ಬೇರೆ ಪೊಟ್ಟಣದಲ್ಲಿ ಕೊಡಿ, ಹೀಟರ್ ಸರವೇ ತುಂಡಾಗುತ್ತೆ. ಆದರೂ ಚಾಸಿ ಮೇನ್ಸ್‌ಗೆ ಸೇರಿರೋದು ಹಾಗೇ ಇರುತ್ತೆ, ಆದ್ದರಿಂದ ತಂತಿ ಕತ್ತರಿಸೋದನ್ನು ಬಿಡುವಂತಿಲ್ಲ. ಚಾಸಿ ಮೇಲೆ ಅಳಿಸದ ಮಾರ್ಕರ್‌ನಲ್ಲಿ "ಪ್ರದರ್ಶನಕ್ಕೆ ಮಾತ್ರ, ಚಾಸಿಗೆ ಮೇನ್ಸ್ ಸಂಪರ್ಕ" ಅಂತ ಬರೆದು ಅದರ ಫೋಟೋವನ್ನು ಹೊಸ ಲಾಟಿನ ಮೊದಲ ಚಿತ್ರವಾಗಿ ಹಾಕಿ. ಕತ್ತರಿಸಿದ ಪ್ಲಗ್ಗನ್ನು ತಂತಿ ತುದಿ ಸಮೇತ ಹಾಗೇ ಕಸಕ್ಕೆ ಎಸೆಯಬೇಡಿ. ಯಾವುದಾದರೂ ಮಗು ಆಯ್ದು ಸಾಕೆಟ್ಟಿಗೆ ಹಾಕಿದರೆ ಬೆತ್ತಲೆ ತಾಮ್ರ ಕೈಯಲ್ಲಿರುತ್ತೆ. ಪಿನ್ನುಗಳನ್ನು ಇಕ್ಕಳದಿಂದ ಬಗ್ಗಿಸಿ ಎಸೆಯಿರಿ.