ಅಣ್ಣನಿಗೂ ಪಕ್ಕದ ಬೆಡ್ಡಿನವರಿಗೂ ಎಎಂಎಲ್ಲೇ. ಚಿಕಿತ್ಸೆ ಯಾಕೆ ಬೇರೆ ಬೇರೆ?

ಪಾಂಡವಪುರದ ತಂಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನಿಗೆ 34 ವರ್ಷ. ಪಾಂಡವಪುರದ ಹತ್ತಿರ ನಮ್ಮೂರು, ಕಬ್ಬು ಬೆಳೆಯುತ್ತೇವೆ. ಜ್ವರ ಬಿಡಲೇ ಇಲ್ಲ, ಹಲ್ಲುಜ್ಜಿದರೆ ವಸಡಿನ ರಕ್ತ ನಿಲ್ಲುತ್ತಿರಲಿಲ್ಲ. ಮಂಡ್ಯದಲ್ಲಿ ರಕ್ತ ಪರೀಕ್ಷೆ ಮಾಡಿದವರು ಇವತ್ತೇ ಮೈಸೂರಿಗೆ ಹೊರಡಿ ಅಂದರು. ಇಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿ ಎಎಂಎಲ್ ಅಂದರು, ಒಂದು ಥರದ ರಕ್ತದ ಕ್ಯಾನ್ಸರಂತೆ. ಏಳು ದಿನದ ಕೀಮೋ ನಡೆಯುತ್ತಿದೆ.

ಪಕ್ಕದ ಬೆಡ್ಡಲ್ಲಿ ತಿ. ನರಸೀಪುರದವರೊಬ್ಬರು ಇದ್ದಾರೆ. ಅವರಿಗೂ ಎಎಂಎಲ್ಲೇ, ಆದರೆ ಕೀಮೋನೇ ಇಲ್ಲ. ಕ್ಯಾಪ್ಸೂಲ್, ಜೊತೆಗೆ ಆರ್ಸೆನಿಕ್ ಡ್ರಿಪ್. ವಾಸಿಯಾಗುತ್ತದೆ ಅಂತ ಡಾಕ್ಟರ್ ಧೈರ್ಯವಾಗಿ ಹೇಳುತ್ತಾರೆ. ನಮಗೆ ಮಾತ್ರ ಕೀಮೋ ಜೊತೆಗೆ ಇನ್ನೊಂದು ದುಬಾರಿ ಕ್ಯಾಪ್ಸೂಲ್ ಬೇಕಂತೆ, ಮಜ್ಜೆ ಬದಲಿಸುವ ಟ್ರಾನ್ಸ್‌ಪ್ಲಾಂಟಿಗೆ ನನ್ನ ರಕ್ತ ಹೊಂದುತ್ತಾ ನೋಡಬೇಕಂತೆ. ರಿಪೋರ್ಟಲ್ಲಿ ಹೀಗಿದೆ: ಕ್ಯಾರಿಯೋಟೈಪ್ ನಾರ್ಮಲ್, ಎನ್‌ಪಿಎಂ1 ಪಾಸಿಟಿವ್, ಎಫ್‌ಎಲ್‌ಟಿ3-ಐಟಿಡಿ ಪಾಸಿಟಿವ್. ನಾರ್ಮಲ್ ಅಂತ ಬರೆದ ಮೇಲೆ ಈ ಪಾಸಿಟಿವ್ ಏನು?

ದುಡ್ಡು ನೋಡಿ ಔಷಧಿ ಕೊಡುತ್ತಾರೇನೋ ಅಂತ ಅಮ್ಮನಿಗೆ ಅನುಮಾನ. ಜೀನ್ ಅಂದ ಕೂಡಲೇ ದೊಡ್ಡಪ್ಪ ವಂಶದ ಕಾಯಿಲೆ ಅಂದುಬಿಟ್ಟರು. ಅತ್ತಿಗೆ ಇಬ್ಬರು ಮಕ್ಕಳ ಮುಖ ನೋಡಿ ಅಳುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಲ್ಯಾಬ್ ಅಕ್ಕ, ಮೈಸೂರು:

ತಂಗಿ, ಮೊದಲು ಅತ್ತಿಗೆಗೆ ಹೇಳಮ್ಮ. ರಿಪೋರ್ಟಲ್ಲಿ ಪಾಸಿಟಿವ್ ಅಂತ ಬಂದ ಈ ಎರಡೂ ಜೀನ್ ಬದಲಾವಣೆ ನಿಮ್ಮಣ್ಣ ಹುಟ್ಟುವಾಗಲೇ ತಂದದ್ದಲ್ಲ. ಆಮೇಲೆ ಮಜ್ಜೆಯ ಕಣಗಳಲ್ಲಿ ಆದದ್ದು. ಮಕ್ಕಳಿಗೆ ಹೋಗುವುದಿಲ್ಲ. ವಂಶದಲ್ಲಿ ಬರುವ ಲ್ಯುಕೇಮಿಯಾಗಳೂ (ರಕ್ತದ ಕ್ಯಾನ್ಸರ್) ಇವೆ, ಆದರೆ ಅಪರೂಪ, ಅವುಗಳ ಜೀನುಗಳೇ ಬೇರೆ.

ನಾನು ಡಾಕ್ಟರ್ ಅಲ್ಲ. ಮಜ್ಜೆಯ ಸ್ಲೈಡ್ ಮಾಡುವ ಲ್ಯಾಬಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಮ್ಮನ ಅನುಮಾನಕ್ಕೆ ಉತ್ತರ ಆ ಸ್ಲೈಡಲ್ಲೇ ಇದೆ. ನರಸೀಪುರದವರದ್ದು ಬಹುಶಃ ಎಪಿಎಲ್, ಎಎಂಎಲ್ಲಿನದೇ ಒಂದು ಬಗೆ, ಹಳೇ ಹೆಸರು ಎಂ3. ಮೈಕ್ರೋಸ್ಕೋಪಲ್ಲಿ ನೋಡಿದರೆ ಕಣದ ತುಂಬ ಕೆನ್ನೀಲಿ ಹರಳು, ನಡುವೆ ಸೂಜಿಯಂಥ ಕಡ್ಡಿಗಳು ಕಟ್ಟುಕಟ್ಟಾಗಿ ಬಿದ್ದಿರುತ್ತವೆ. ಅದು ಕಣ್ಣಿಗೆ ಬಿದ್ದರೆ ನಾವು ರಿಪೋರ್ಟ್ ಟೈಪ್ ಮಾಡುತ್ತಾ ಕೂರುವುದಿಲ್ಲ, ತಕ್ಷಣ ವಾರ್ಡಿಗೆ ಫೋನ್. ಆ ಕಾಯಿಲೆಯಲ್ಲಿ ಮೊದಲ ಕೆಲವು ದಿನ ರಕ್ತಸ್ರಾವದಿಂದಲೇ ಜೀವಕ್ಕೆ ಅಪಾಯ. ಹಾಗಾಗಿ ಜೀನ್ ರಿಪೋರ್ಟಿಗೆ ಕಾಯದೆ, ಅನುಮಾನ ಬಂದ ಕೂಡಲೇ ಅಟ್ರಾ ಕ್ಯಾಪ್ಸೂಲ್ ಶುರು ಮಾಡುತ್ತಾರೆ.

ಎಪಿಎಲ್‌ನಲ್ಲಿ 15ನೇ ಮತ್ತು 17ನೇ ಕ್ರೋಮೋಸೋಮುಗಳು ತುಂಡು ಬದಲಾಯಿಸಿಕೊಂಡು ಪಿಎಂಎಲ್-ರಾರಾ ಅನ್ನುವ ಜೋಡಿ ಜೀನ್ ಹುಟ್ಟುತ್ತದೆ. ಅದರಿಂದ ಕಣಗಳು ಬಲಿಯದೆ ಎಳೆಯದಾಗೇ ನಿಲ್ಲುತ್ತವೆ. ಅಟ್ರಾ ಮತ್ತು ಆರ್ಸೆನಿಕ್ ಎರಡೂ ನೇರವಾಗಿ ಆ ಜೋಡಿ ಜೀನಿನ ಪ್ರೋಟೀನನ್ನೇ ಒಡೆಯುತ್ತವೆ. ಬಿಳಿ ಕಣ 10,000 ದಾಟಿರದಿದ್ದರೆ ಕೀಮೋ ಇಲ್ಲದೆಯೇ ಬಹುತೇಕರು ವಾಸಿಯಾಗುತ್ತಾರೆ. ಬರೀ ಆರ್ಸೆನಿಕ್ ಕೊಟ್ಟೇ 72 ಜನರಲ್ಲಿ ಒಳ್ಳೆ ಫಲ ಕಂಡಿದ್ದನ್ನು ವೆಲ್ಲೂರಿನ ಸಿಎಂಸಿಯವರು 2006ರಲ್ಲೇ ಪ್ರಕಟಿಸಿದರು. ಆದರೆ ಅದೇ ಔಷಧಿ ನಿಮ್ಮಣ್ಣನಿಗೆ ಕೊಟ್ಟರೆ ಆ ಕೆಲಸ ನಡೆಯುವುದಿಲ್ಲ, ಯಾಕೆಂದರೆ ಅವರ ಕಣದಲ್ಲಿ ಆ ಜೋಡಿ ಜೀನೇ ಇಲ್ಲ. ಇಲ್ಲಿ ದುಡ್ಡಿನ ಮಾತು ಬರುವುದೇ ಇಲ್ಲ.

ಈಗ ನಿಮ್ಮ ರಿಪೋರ್ಟ್. ಕ್ಯಾರಿಯೋಟೈಪ್ ಅಂದರೆ ಸಾಮಾನ್ಯವಾಗಿ 20 ಕಣ ತೆಗೆದುಕೊಂಡು ಕ್ರೋಮೋಸೋಮುಗಳನ್ನು ಎಣಿಸಿ, ಜೋಡಿಸಿ ನೋಡುವುದು. ದೊಡ್ಡ ತುಂಡು ಆಚೀಚೆ ಆಗಿದ್ದರೆ ಮಾತ್ರ ಅದರಲ್ಲಿ ಕಾಣುತ್ತದೆ. ಎನ್‌ಪಿಎಂ1ನಲ್ಲಿ ಆಗುವುದು ಸಾಮಾನ್ಯವಾಗಿ ಡಿಎನ್‌ಎಯ ನಾಲ್ಕೇ ನಾಲ್ಕು ಅಕ್ಷರ ಜಾಸ್ತಿ. ಅದು ಮೈಕ್ರೋಸ್ಕೋಪಿಗೆ ಎಲ್ಲಿ ಸಿಗುತ್ತದೆ? ಅದಕ್ಕೇ ಡಿಎನ್‌ಎಯ ಅಕ್ಷರದ ಮಟ್ಟದಲ್ಲೇ ಬದಲಾವಣೆ ಹಿಡಿಯುವ ಪಿಸಿಆರ್, ಎನ್‌ಜಿಎಸ್ ಬೇಕು. ಮಜ್ಜೆ ತೆಗೆದಾಗ ಹಸಿರು ಮುಚ್ಚಳದ ಟ್ಯೂಬ್, ನೇರಳೆ ಮುಚ್ಚಳದ ಟ್ಯೂಬ್ ಎರಡಕ್ಕೂ ತುಂಬಿದ್ದನ್ನು ನೀವು ನೋಡಿರಬಹುದು. ಹಸಿರಿನದು ಕ್ಯಾರಿಯೋಟೈಪಿಗೆ, ಕಣ ಜೀವಂತ ಇರಬೇಕು. ನೇರಳೆಯದು ಜೀನ್ ಪರೀಕ್ಷೆಗೆ.

ಎಫ್‌ಎಲ್‌ಟಿ3 ಕಣಕ್ಕೆ ‘ಬೆಳೆ’ ಅಂತ ಸುದ್ದಿ ಮುಟ್ಟಿಸುವ ಜೀನ್. ಐಟಿಡಿ ಅಂದರೆ ಅದರ ಒಂದು ತುಂಡು ಎರಡೆರಡು ಸಲ ಬರೆದುಕೊಂಡಿದೆ. ಆಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಅಂಟಿಕೊಂಡು ಮೋಟರ್ ನಿಲ್ಲದೆ ಓಡುವ ಹಾಗೆ ಕಣ ಬೆಳೆಯುತ್ತಲೇ ಇರುತ್ತದೆ. ಡಾಕ್ಟರ್ ಹೇಳಿದ ಕ್ಯಾಪ್ಸೂಲ್ ಮಿಡೋಸ್ಟಾರಿನ್ ಇರಬೇಕು. ಅದನ್ನು ಕೀಮೋ ಶುರುವಾದ ಎಂಟನೇ ದಿನದಿಂದ ಕೊಡುವುದು, ಅದಕ್ಕೇ ಈಗ ಹೇಳುತ್ತಿದ್ದಾರೆ. 2017ರಲ್ಲಿ ಪ್ರಕಟವಾದ 717 ಜನರ ಪ್ರಯೋಗದಲ್ಲಿ ಕೀಮೋ ಜೊತೆ ಇದನ್ನು ಕೊಟ್ಟವರಲ್ಲಿ ನಾಲ್ಕು ವರ್ಷಕ್ಕೆ ಬದುಕುಳಿದವರು ಶೇ. 51, ಬರೀ ಕೀಮೋ ಕೊಟ್ಟವರಲ್ಲಿ ಶೇ. 44. ವ್ಯತ್ಯಾಸ ದೊಡ್ಡದಲ್ಲ ಅನ್ನಿಸಬಹುದು. ನೂರು ಮನೆಯಲ್ಲಿ ಏಳು ಮನೆ ಅದು. ನನ್ನನ್ನು ಕೇಳಿದರೆ ಬಿಡಬೇಡಿ.

ಕುವೆಂಪುನಗರದ ಅಮ್ಮ:

ನನ್ನ ಮಗನಿಗೆ ಬಂದದ್ದು ರಕ್ತದ ಕ್ಯಾನ್ಸರಿನ ಇನ್ನೊಂದು ಬಗೆ, ಎಎಲ್‌ಎಲ್, ಫಿಲಡೆಲ್ಫಿಯಾ ಪಾಸಿಟಿವ್. 9 ಮತ್ತು 22ನೇ ಕ್ರೋಮೋಸೋಮ್ ಅದಲುಬದಲು. ಮೊದಲೆಲ್ಲಾ ಇದು ತುಂಬಾ ಕೆಟ್ಟ ಜಾತಿ ಅನ್ನುತ್ತಿದ್ದರಂತೆ. ಈಗ ಕೀಮೋ ಜೊತೆ ಇಮಾಟಿನಿಬ್ ಮಾತ್ರೆ ಕೊಡುತ್ತಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ಆ ಮಾತ್ರೆಗೆ ಪೇಟೆಂಟ್ ನಿರಾಕರಿಸಿತು, ನಮ್ಮ ದೇಶದ ಕಂಪನಿಗಳ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ. ಮಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಆ ಒಂದು ಪರೀಕ್ಷೆ ಮಾಡಿಸದಿದ್ದರೆ ಮಾತ್ರೆ ಕೊಡುವುದೇ ಯಾರಿಗೂ ಹೊಳೆಯುತ್ತಿರಲಿಲ್ಲ. ದುಡ್ಡಿನ ವಿಷಯಕ್ಕೆ ಆಸ್ಪತ್ರೆಯ ಆರೋಗ್ಯ ಕರ್ನಾಟಕ ಕೌಂಟರಲ್ಲಿ ಕೇಳಿ, ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಿ. ಸಂಕೋಚ ಪಡಬೇಡ ಮಗಳೇ.

ಪಾಂಡವಪುರದ ತಂಗಿ:

ಅಕ್ಕ, ಅಮ್ಮ, ಇಬ್ಬರಿಗೂ ನಮಸ್ಕಾರ. ಎಲ್ಲಾ ಓದಿ ಹೇಳಿದೆ, ಅತ್ತಿಗೆ ಇವತ್ತು ಊಟ ಮಾಡಿದರು. ಇನ್ನೆರಡು ಕೇಳಬೇಕು. ಕೀಮೋಗೆ ಕಾಯಿಲೆ ಬಗ್ಗಿದರೂ ಟ್ರಾನ್ಸ್‌ಪ್ಲಾಂಟ್ ಬೇಕೇ ಬೇಕಾ? ಪ್ಲೇಟ್‌ಲೆಟ್ ಏರಲಿ ಅಂತ ಊರಿಂದ ಪರಂಗಿ ಎಲೆ ರಸ ಕಳಿಸಿದ್ದಾರೆ, ಕೊಡಬಹುದಾ?

ಲ್ಯಾಬ್ ಅಕ್ಕ, ಮೈಸೂರು:

ಪರಂಗಿ ಎಲೆ ಬೇಡವೇ ಬೇಡ. ಬಿಳಿ ಕಣ ಇಲ್ಲದ ಹೊತ್ತಲ್ಲಿ ಹಸಿ ರಸದಿಂದ ಸೋಂಕು ಬರಬಹುದು. ಏನು ಕೊಡುವುದಿದ್ದರೂ ಡಾಕ್ಟರನ್ನು ಕೇಳಿಯೇ ಕೊಡಿ.

ಟ್ರಾನ್ಸ್‌ಪ್ಲಾಂಟ್ ವಿಷಯ ಡಾಕ್ಟರುಗಳೇ ಚರ್ಚೆ ಮಾಡುತ್ತಿರುವಂಥದ್ದು. ಎನ್‌ಪಿಎಂ1 ಒಂದೇ ಇದ್ದರೆ ಒಳ್ಳೆ ಗುಂಪು, ಅಂದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಗುಂಪು. ಜೊತೆಗೆ ಎಫ್‌ಎಲ್‌ಟಿ3-ಐಟಿಡಿ ಇದ್ದರೂ ಅದರ ಪ್ರಮಾಣ ಕಡಿಮೆಯಿದ್ದರೆ ಕಾಯಿಲೆಯ ಅಪಾಯ ಅಳೆಯುವ 2017ರ ಯುರೋಪಿನ ಪಟ್ಟಿ ಒಳ್ಳೆ ಗುಂಪಿಗೇ ಹಾಕುತ್ತಿತ್ತು. 2022ರ ಪಟ್ಟಿಯಲ್ಲಿ ಪ್ರಮಾಣ ಎಷ್ಟೇ ಇರಲಿ, ಮಧ್ಯದ ಗುಂಪು. ಅದಕ್ಕೇ ನಿಮ್ಮ ಡಾಕ್ಟರ್ ಮೊದಲೇ ದಾನಿ ಹುಡುಕುತ್ತಿದ್ದಾರೆ. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ನಿನ್ನ ತಪ್ಪಲ್ಲ ಕಣಮ್ಮ, ಈಗ ಅರ್ಧ ಹೊಂದಿದವರಿಂದಲೂ ಮಾಡುತ್ತಾರೆ.

ಎರಡು ಸುತ್ತು ಕೀಮೋ ಆದ ಮೇಲೆ ಎನ್‌ಪಿಎಂ1 ಎಂಆರ್‌ಡಿ ಅಂತ ಪರೀಕ್ಷೆ ಇದೆ, ಖಂಡಿತ ಕೇಳಿ. ಕಣ್ಣಿಗೆ ಕಾಣದಷ್ಟು ಕಾಯಿಲೆ ಉಳಿದಿದ್ದರೂ ಅದು ಹಿಡಿಯುತ್ತದೆ, ಟ್ರಾನ್ಸ್‌ಪ್ಲಾಂಟ್ ನಿರ್ಧಾರಕ್ಕೆ ಅದೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಮಾತು. ಒಬ್ಬರ ಮೈಯಲ್ಲೇ ಲ್ಯುಕೇಮಿಯಾ ಕಣಗಳೆಲ್ಲಾ ಒಂದೇ ಥರ ಇರುವುದಿಲ್ಲ, ಒಳಗೊಳಗೇ ಪಂಗಡಗಳಿರುತ್ತವೆ. ಔಷಧಿಗೆ ಒಂದು ಪಂಗಡ ಸತ್ತು ಇನ್ನೊಂದು ಉಳಿದು ಬೆಳೆಯಬಹುದು. ದೇವರ ದಯೆಯಿಂದ ಹಾಗಾಗದಿರಲಿ. ಕಾಯಿಲೆ ಮರುಕಳಿಸಿದರೆ ಹಳೇ ರಿಪೋರ್ಟ್ ಮೇಲೆ ಚಿಕಿತ್ಸೆ ಮಾಡಲು ಒಪ್ಪಬೇಡಿ. ಮತ್ತೆ ಜೀನ್ ಪರೀಕ್ಷೆ ಮಾಡಿಸಿ. ಎಫ್‌ಎಲ್‌ಟಿ3 ಮಾಯವಾಗಿರಬಹುದು, ಇಲ್ಲದವರಲ್ಲಿ ಹೊಸದಾಗಿ ಬಂದಿರಲೂಬಹುದು. ಇದ್ದರೆ ಗಿಲ್ಟೆರಿಟಿನಿಬ್ ಅನ್ನುವ ಬೇರೆ ಮಾತ್ರೆ ಇದೆ.

ನಾಳೆ ರೌಂಡ್ಸಿಗೆ ಬಂದಾಗ, ಮೊದಲ ಮಜ್ಜೆಯ ಡಿಎನ್‌ಎ ಲ್ಯಾಬಲ್ಲಿ ಉಳಿಸಿದ್ದಾರಾ ಅಂತ ಕೇಳು. ಎನ್‌ಪಿಎಂ1 ಯಾವ ಟೈಪ್ ಅಂತ ರಿಪೋರ್ಟಲ್ಲಿ ಬರೆಸಿಕೋ, ಎಂಆರ್‌ಡಿ ಮಾಡುವ ಲ್ಯಾಬಿನವರು ಅದನ್ನೇ ಕೇಳುತ್ತಾರೆ.