ಸಹಾಯ ಬೇಕು: 'ಅರೆಕಾ' ಪದ ಬಳಸೋದು ಹೇಗೆ?

ಶಿರಸಿಯಿಂದ ನಮಸ್ಕಾರ. ತಂಗಿ ಮಗಳಿಗೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡಬೇಕಂತೆ. ಅಡಿಕೆ ಬೆಳೆಗಾರರ ಮನೆಯವಳಲ್ಲವಾ, 'ಅರೆಕಾ' ಆರಿಸಿಕೊಂಡಿದ್ದಾಳೆ. ಮಲಯಾಳದ 'ಅಡಕ್ಕ' ಪೋರ್ಚುಗೀಸರ ಬಾಯಿಗೆ ಸಿಕ್ಕಿ 'ಅರೆಕಾ' ಆಗಿ ಇಂಗ್ಲಿಷಿಗೆ ಹೋಯಿತು. 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಅಡಿಕೆ ಮರಕ್ಕೆ ಅರೆಕಾ ಕ್ಯಾಟೆಚು ಅಂತ ಹೆಸರಿಟ್ಟ. ಇಷ್ಟು ಸಿಕ್ಕಿದೆ. 'ಬೀಟಲ್ ನಟ್' ಮಾತ್ರ ಬೇಡ ಅಂದೆ. ಬೀಟಲ್ ಅಂದರೆ ವೀಳ್ಯದೆಲೆ, ಎಲೆಯ ಹೆಸರು ಅಡಿಕೆಗೆ ಅಂಟಿಕೊಂಡಿದ್ದು.

ಅವಳು ಸಿಕ್ಕಿಬಿದ್ದಿರೋದು ವಾಕ್ಯದಲ್ಲಿ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ ರಾಶಿಗೂ, ಹಣ್ಣಡಿಕೆ ಒಣಗಿಸಿ ಸುಲಿದ ಚಾಲಿಗೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಏನನ್ನುತ್ತಾರೆ? ಹೊರರಾಜ್ಯದ ವ್ಯಾಪಾರಿಗಳಿಗೆ ಪತ್ರ ಬರೆಯುವವರು ಇದ್ದರೆ ಎರಡು ವಾಕ್ಯ ಹಾಕಿ. ಒತ್ತು 'ಅ' ಮೇಲೋ 'ರೆ' ಮೇಲೋ? ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು. ಸೋಮವಾರದೊಳಗೆ ಬೇಕಿತ್ತು.